ಎರಡು ಎಂಜಿನ್ ಇದ್ದರೆ ಭಯವಿಲ್ಲವೇ?

ನಮ್ಮ ಮುದ್ದೇನಹಳ್ಳಿಯಿಂದ ಸಮುದ್ರಕ್ಕೆ ಒಂದು ಇಡೀ ರಾತ್ರಿಯ ಬಸ್ ಪ್ರಯಾಣ. ಸುತ್ತಮುತ್ತ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಗಳಿವೆ, ಒಳ್ಳೆಯ ಮಳೆಯಾದ ವರ್ಷ ತುಂಬುತ್ತವೆ. ದೋಣಿ ಎಂದರೆ ನಮಗೆ ಪಠ್ಯಪುಸ್ತಕದ ಚಿತ್ರ, ಇಲ್ಲವೇ ಪ್ರವಾಸ ಹೋದಾಗ ಅರ್ಧ ಗಂಟೆ ಕೂತು ಫೋಟೊ ತೆಗೆಸಿಕೊಂಡ ನೆನಪು. ಇಂಥ ಊರಿನವನು ದೋಣಿಗೆ ಎಷ್ಟು ಎಂಜಿನ್ ಬೇಕು ಎಂದು ಬರೆಯಲು ಕೂತರೆ ನಗು ಬರುವುದು ಸಹಜ. ಆದರೆ ಸರ್ ಎಂ. ವಿಶ್ವೇಶ್ವರಯ್ಯನವರ ಊರಿನವರು ಎಂದಾಕ್ಷಣ ಯಾವ ಯಂತ್ರದ ಬಗ್ಗೆ ಕೇಳಿದರೂ ಉತ್ತರ ಇರಬೇಕು ಎಂದು ಹೊರಗಿನವರು ಅಂದುಕೊಂಡಿರುತ್ತಾರೆ. ಇಲ್ಲಿನ ವಿಟಿಯು ಕ್ಯಾಂಪಸ್‌ನಲ್ಲಿ ನನ್ನ ಜೊತೆ ಓದುವ ಗಂಗೊಳ್ಳಿಯ ಗೆಳೆಯನೂ ಹಾಗೇ ಅಂದುಕೊಂಡಿದ್ದಾನೆ.

ಅವನ ಮನೆಯವರದು ಒಂದು ನಾಡದೋಣಿ. ಫೈಬರ್‌ನದು, ಉದ್ದ 28 ಅಡಿ. ಅವನ ಅಣ್ಣ ಮತ್ತು ಮೂವರು ಜೊತೆಗಾರರು ಬೆಳಗಿನ ಜಾವ ಬಲೆ ಹಾಕಿ ಬರುತ್ತಾರೆ. ಈವರೆಗೆ ಇದ್ದದ್ದು ಸೀಮೆಎಣ್ಣೆಯ ಹಳೆಯ ಔಟ್‌ಬೋರ್ಡ್ ಎಂಜಿನ್. ಸಬ್ಸಿಡಿ ಸೀಮೆಎಣ್ಣೆ ಸಮಯಕ್ಕೆ ಸಿಗದೆ ಕರಾವಳಿಯ ನಾಡದೋಣಿಗಳು ದಡದಲ್ಲೇ ನಿಂತ ಸುದ್ದಿಯನ್ನು ನೀವೂ ಓದಿರುತ್ತೀರಿ. 2023ರ ಜುಲೈನ ರಾಜ್ಯ ಬಜೆಟ್‌ನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಾಗುವ ದೋಣಿಗೆ ತಲಾ 50 ಸಾವಿರ ರೂಪಾಯಿ ಸಹಾಯಧನ ಘೋಷಣೆಯಾಯಿತು. ಹೇಗೂ ಬದಲಾಯಿಸಬೇಕು, ಹಾಗಾದರೆ ಯಾವುದನ್ನು ತರುವುದು? 20 ಅಶ್ವಶಕ್ತಿಯ ಒಂದೇ ದೊಡ್ಡ ಎಂಜಿನ್ನೋ, 9.9ರ ಎರಡು ಸಣ್ಣವೋ? ಮನೆಯಲ್ಲಿ ಎರಡು ಪಕ್ಷ. ಅಪ್ಪಯ್ಯನದು ಒಂಟಿ ಎಂಜಿನ್ ಪಕ್ಷ, ಅಮ್ಮನದು ಜೋಡಿ. ದಡದಲ್ಲಿ ಕಾಯುವವರಿಗೆ ಎರಡೇ ಸಮಾಧಾನ, ಅದರಲ್ಲಿ ಆಶ್ಚರ್ಯವಿಲ್ಲ. ರಜೆಯಲ್ಲಿ ಅವರ ಮನೆಗೆ ಹೋಗಿದ್ದಾಗ ಈ ಪಂಚಾಯಿತಿ ನನ್ನ ಮುಂದೆಯೂ ಬಂತು.

ಔಟ್‌ಬೋರ್ಡ್ ಗೊತ್ತಿಲ್ಲದವರಿಗೆ ಎರಡು ಮಾತು. ದೋಣಿಯ ಒಳಗೆ ಕೂರಿಸದೆ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ ಎಂಜಿನ್ ಇದು. ಮೇಲೆ ಎಂಜಿನ್, ಕೆಳಗೆ ನೀರಲ್ಲಿ ಪ್ರೊಪೆಲ್ಲರ್, ಮಧ್ಯೆ ಉದ್ದದ ಕಾಲು. ಸಣ್ಣ ಎಂಜಿನ್‌ಗೆ ಪ್ರತ್ಯೇಕ ಸ್ಟೇರಿಂಗ್ ಬೇಕಿಲ್ಲ, ಹಿಡಿಯನ್ನು ಅತ್ತಿತ್ತ ತಿರುಗಿಸಿದರೆ ಇಡೀ ಎಂಜಿನ್ನೇ ತಿರುಗುತ್ತದೆ. ದಡಕ್ಕೆ ಬಂದ ಮೇಲೆ ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ತರಬಹುದು. ಅಮೆರಿಕದ ಓಲೆ ಎವಿನ್‌ರೂಡ್ ಎಂಬಾತ 1909ರಲ್ಲಿ ಇದನ್ನು ಮಾರಾಟಕ್ಕೆ ತಂದ. ಗೆಳತಿಗಾಗಿ ಕೆರೆಯ ಆಚೆ ದಡದಿಂದ ಐಸ್‌ಕ್ರೀಮ್ ತರಲು ಹುಟ್ಟು ಹಾಕಿಕೊಂಡು ಹೋದವನು ವಾಪಸ್ ಬರುವಷ್ಟರಲ್ಲಿ ಅದು ಕರಗಿತ್ತು, ಆ ಸಿಟ್ಟಿನಲ್ಲಿ ಇದು ಹುಟ್ಟಿತು ಎಂದು ಕಥೆ ಹೇಳುತ್ತಾರೆ. ಮುಂದೆ ಇಬ್ಬರ ಮದುವೆಯೂ ಆಯಿತು.

ಮೊದಲು ವೇಗದ ಲೆಕ್ಕ ನೋಡೋಣ. ಎರಡು ಎಂಜಿನ್ ಕಟ್ಟಿದರೆ ದುಪ್ಪಟ್ಟು ವೇಗ ಬರುತ್ತದೆ ಎಂಬ ಭ್ರಮೆ ನನಗೆ ಪರಿಚಯವಾದ ಎಲ್ಲ ಹೊಸಬರಲ್ಲೂ ಇದೆ. ಬಲೆ, ಮಂಜುಗಡ್ಡೆ, ಮೀನು, ನಾಲ್ಕು ಜನ ಹೊತ್ತ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ನೀರ ಮೇಲೆ ಜಾರುವುದಿಲ್ಲ. ಹೀಗೆ ಹೋಗುವಾಗ ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನದಷ್ಟು ಏರುತ್ತದೆ. ಅಂದರೆ ಶಕ್ತಿ ಎರಡು ಪಟ್ಟಾದರೆ ವೇಗ ಹೆಚ್ಚುವುದು ಕಾಲು ಭಾಗದಷ್ಟು ಮಾತ್ರ. ಹತ್ತು ಕಿ.ಮೀ. ವೇಗ ಹನ್ನೆರಡೂವರೆ ಆದೀತು. ಅದರಲ್ಲೂ ಎರಡನೇ ಎಂಜಿನ್‌ನ ಕಾಲು ನೀರಲ್ಲಿ ಇಳಿದು ಹೊಸ ತಡೆ ಒಡ್ಡುತ್ತದೆ. ಪೆಟ್ರೋಲ್ ಮಾತ್ರ ಎರಡು ಬಾಯಿಗೆ ಹೋಗುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಒಳ್ಳೆಯ ಸುದ್ದಿಯೂ ಇದೆ. ಶಕ್ತಿ ಅರ್ಧಕ್ಕೆ ಇಳಿದರೆ ವೇಗ ಅರ್ಧವಾಗುವುದಿಲ್ಲ, ಶಾಂತ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಉಳಿಯುತ್ತದೆ. ಹಾಗಾಗಿ ನಾಡದೋಣಿಯಂಥ ನಿಧಾನದ ದೋಣಿಗೆ ಜೋಡಿಯಲ್ಲಿ ಒಂದು ಕೆಟ್ಟರೂ ಮನೆ ಸೇರುವ ದಾರಿ ಇದೆ. ಪ್ರವಾಸಿಗರನ್ನು ಕೂರಿಸಿಕೊಂಡು ನೀರ ಮೇಲೆ ಹಾರುತ್ತಾ ಹೋಗುವ ಸ್ಪೀಡ್ ಬೋಟ್‌ಗಳ ಕಥೆ ಬೇರೆ. ಒಂದು ಎಂಜಿನ್ ನಿಂತರೆ ಅವು ಮೇಲೇಳಲಾರವು. ಮೂಗು ಎತ್ತಿಕೊಂಡು ಬಾಲ ಮುಳುಗಿಸಿಕೊಂಡು ತೆವಳುತ್ತವೆ, ವೇಗ ಅರ್ಧಕ್ಕಿಂತಲೂ ಎಷ್ಟೋ ಕೆಳಗಿಳಿಯುತ್ತದೆ.

ಇನ್ನು ಕೈಕೊಡುವ ಲೆಕ್ಕ. ನೂರು ಸಲ ಸಮುದ್ರಕ್ಕೆ ಹೋದರೆ ಒಂದು ಸಲ ಎಂಜಿನ್ ಕೈಕೊಡುತ್ತದೆ ಎಂದು ಸುಮ್ಮನೆ ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕೆ ಹಿಡಿದ ಸಂಖ್ಯೆಯಷ್ಟೇ. ಎರಡು ಎಂಜಿನ್ ಇದ್ದಾಗ ಎರಡೂ ಒಂದೇ ದಿನ ಕೆಡುವ ಸಂಭವ ನೂರರಲ್ಲಿ ಒಂದರ ನೂರರಲ್ಲಿ ಒಂದು, ಅಂದರೆ ಹತ್ತು ಸಾವಿರಕ್ಕೆ ಒಂದು. ಅಮ್ಮನ ಪಕ್ಷ ಗೆದ್ದಂತೆ ಕಾಣುತ್ತದೆ. ಆದರೆ ಅದೇ ದೋಣಿಯಲ್ಲಿ ಯಾವುದಾದರೂ ಒಂದು ಎಂಜಿನ್ ಕೆಡುವ ಸಂಭವ ನೂರಕ್ಕೆ ಹತ್ತಿರ ಹತ್ತಿರ ಎರಡು. ಎಂದರೆ ಮೆಕ್ಯಾನಿಕ್ ಮನೆಗೆ ಹೋಗುವುದು ದುಪ್ಪಟ್ಟು. ಅಣ್ಣ ಇದನ್ನು ಪೆನ್ನು ಹಿಡಿಯದೆ ಹೇಳಿದರು: ‘ಎರ್ಡ್ ಇಂಜಿನ್ ಅಂದ್ರೆ ಎರ್ಡ್ ತಲಿಬಿಸಿ ಮರಾಯ.’ ಪ್ಲಗ್ಗು ಎರಡು ಜೊತೆ, ಗೇರ್ ಎಣ್ಣೆ ಎರಡು ಕಡೆ, ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ಎರಡು, ದಿನಾ ಬಂದ ಮೇಲೆ ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆಯುವ ಕೆಲಸವೂ ಎರಡು.

ಆ ಹತ್ತು ಸಾವಿರಕ್ಕೆ ಒಂದು ಎಂಬ ಸಂಖ್ಯೆ ನನಗೆ ಅಷ್ಟಾಗಿ ನಂಬಿಕೆ ಹುಟ್ಟಿಸಲಿಲ್ಲ. ಕಾರಣ ಸಮುದ್ರವಲ್ಲ, ನಮ್ಮೂರಿನ ಬೋರ್‌ವೆಲ್.

ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾವಿರ ಅಡಿ ಇಳಿದರೂ ನೀರು ಸಿಗದ ಬೋರ್‌ಗಳು ನಮ್ಮ ಹೊಲಗಳಲ್ಲಿ ಬೇಕಾದಷ್ಟಿವೆ. ನಮ್ಮ ಚಿಕ್ಕಪ್ಪನ ದ್ರಾಕ್ಷಿ ತೋಟಕ್ಕೆ ಎರಡು ಬೋರ್. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಸಾಲ ಮಾಡಿ ಕೊರೆಸಿದ್ದು. ಒಂದರ ಮೋಟರ್ ಸುಟ್ಟಾಗ ಇನ್ನೊಂದು ಗಿಡ ಉಳಿಸಿದ್ದು ನಿಜ. ಆದರೆ ಒಂದು ಬೇಸಿಗೆಯಲ್ಲಿ ಒಂದೇ ವಾರದೊಳಗೆ ಎರಡೂ ಬತ್ತಿದವು. ನೆಲದ ಮೇಲೆ ಅವು ಎರಡು ಬೋರ್, ನೆಲದ ಕೆಳಗೆ ಕುಡಿಯುತ್ತಿದ್ದದ್ದು ಒಂದೇ ನೀರು. ಟೀಸಿ ಸುಟ್ಟಾಗಲೂ ಹಾಗೆಯೇ, ಎರಡೂ ಮೋಟರ್ ಒಟ್ಟಿಗೆ ಸುಮ್ಮನಾಗುತ್ತಿದ್ದವು. ಎರಡು ಎಂದು ಎಣಿಸುವ ಮೊದಲು ಎರಡೂ ಯಾವುದನ್ನು ನೆಚ್ಚಿಕೊಂಡಿವೆ ಎಂದು ನೋಡಬೇಕು. ಈ ಮಾತನ್ನು ನಾನು ಗಂಗೊಳ್ಳಿಯ ಜಗಲಿಯಲ್ಲಿ ಹೇಳಿದಾಗ ಅಪ್ಪಯ್ಯ ತಕ್ಷಣ ಹಿಡಿದುಕೊಂಡರು: ‘ಸೀಮೆಎಣ್ಣೆ ಸಿಕ್ದೆ ಇಪ್ಪತ್ತಿಗೆ ಹತ್ತ್ ಇಂಜಿನ್ ಇದ್ರೂ ಎಂತ ಮಾಡುದ್?’

ದೋಣಿಯಲ್ಲಿ ಆ ಒಂದೇ ನೀರು ಯಾವುದು? ಮೊದಲನೆಯದು ಇಂಧನ. ಎರಡು ಎಂಜಿನ್‌ಗೂ ಒಂದೇ ಟ್ಯಾಂಕಿನಿಂದ ಪೈಪ್ ಎಳೆದಿರುವುದು ಸಾಮಾನ್ಯ, ಜಾಗ ಉಳಿಯುತ್ತದೆ ಎಂದು. ಆ ಟ್ಯಾಂಕಿಗೆ ನೀರು ಸೇರಿತೋ, ಎರಡೂ ಎಂಜಿನ್ ಐದು ನಿಮಿಷದ ಅಂತರದಲ್ಲಿ ಕೆಮ್ಮಿ ನಿಲ್ಲುತ್ತವೆ. ಈಗ ಬಂಕ್‌ನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡ ನೀರು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತವೆ. ಎಂಜಿನ್ ಎಳೆದುಕೊಳ್ಳುವುದೂ ತಳದಿಂದಲೇ. ಸಮುದ್ರದ ಗಾಳಿಯ ಊರಿನಲ್ಲಿ, ಅರ್ಧ ಖಾಲಿ ಟ್ಯಾಂಕನ್ನು ವಾರಗಟ್ಟಲೆ ಇಟ್ಟರೆ ಇದು ಆಗುವಂಥದ್ದೇ. ಹಿಂದಿನ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಿ. ಕೈಕೊಡುವ ಐದು ಸಲದಲ್ಲಿ ಒಂದು ಸಲ ಕಾರಣ ಇಂಧನ ಎಂದಿಟ್ಟುಕೊಂಡರೂ ಎರಡೂ ಒಟ್ಟಿಗೆ ನಿಲ್ಲುವ ಸಂಭವ ಐನೂರಕ್ಕೆ ಒಂದಕ್ಕೆ ಬಂತು. ಹತ್ತು ಸಾವಿರ ಎಲ್ಲಿ, ಐನೂರು ಎಲ್ಲಿ?

ವಿಮಾನದವರು ಈ ಪಾಠವನ್ನು ಬಹಳ ದುಬಾರಿಯಾಗಿ ಕಲಿತಿದ್ದಾರೆ. 2001ರ ಆಗಸ್ಟ್ 24ರಂದು ಟೊರೊಂಟೊದಿಂದ ಲಿಸ್ಬನ್‌ಗೆ ಹೊರಟಿದ್ದ ಏರ್ ಟ್ರಾನ್ಸಾಟ್‌ನ ಎರಡು ಎಂಜಿನ್‌ಗಳ ವಿಮಾನದಲ್ಲಿ ಒಂದು ಎಂಜಿನ್ ಬಳಿ ಇಂಧನ ಸೋರತೊಡಗಿತು. ಎರಡು ಬದಿಯ ಟ್ಯಾಂಕುಗಳನ್ನು ಜೋಡಿಸುವ ಕೊಳವೆಯನ್ನು ತೆರೆದಾಗ ಚೆನ್ನಾಗಿದ್ದ ಬದಿಯ ಇಂಧನವೂ ಅದೇ ಸೋರಿಕೆಯಲ್ಲಿ ಹೋಯಿತು. ಅಟ್ಲಾಂಟಿಕ್ ಮೇಲೆ ಎರಡೂ ಎಂಜಿನ್ ನಿಂತವು. ಸುಮಾರು 19 ನಿಮಿಷ ತೇಲಿಕೊಂಡೇ ಅಜೋರ್ಸ್ ದ್ವೀಪದಲ್ಲಿ ಇಳಿಸಿದರು, ಒಳಗಿದ್ದ 306 ಜನರೂ ಉಳಿದರು. ಯಲಹಂಕದ ಏರ್ ಷೋ ನೋಡಿ ಬಂದಾಗಲೆಲ್ಲ ನಮ್ಮ ಹುಡುಗರಲ್ಲಿ ಒಂಟಿ ಎಂಜಿನ್‌ನ ತೇಜಸ್ ಮೇಲೋ, ಜೋಡಿ ಎಂಜಿನ್‌ನ ಸುಖೋಯ್ ಮೇಲೋ ಎಂದು ಜಗಳ ಆಗುತ್ತದೆ. ಅದನ್ನು ಇಲ್ಲಿಗೆ ಎಳೆದರೆ ಪುಟ ಸಾಲದು.

ಎರಡನೆಯ ಒಂದೇ ನೀರು ಅಳಿವೆ. ಹೊಳೆ ಸಮುದ್ರ ಸೇರುವ ಬಾಯಿ ಅದು. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿದಂತೆ ಐದು ಹೊಳೆಗಳು ಒಟ್ಟಾಗಿ ಸಮುದ್ರಕ್ಕೆ ಇಳಿಯುತ್ತವೆ, ಅದಕ್ಕೇ ಪಂಚಗಂಗಾವಳಿ ಎಂಬ ಹೆಸರು. ಹೊಳೆ ತಂದ ಹೂಳು, ಸಮುದ್ರ ತಳ್ಳಿದ ಮರಳು ಎರಡೂ ಅಳಿವೆಯ ಬಾಯಲ್ಲಿ ಕೂರುತ್ತವೆ. ಆಳ ಕಡಿಮೆಯಾದಲ್ಲಿ ಅಲೆ ಎದ್ದು ಮುರಿಯುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಕ್ಕೆ, ಅಲೆ ಒಳಕ್ಕೆ. ಶರಾವತಿ ಸೇರುವ ಹೊನ್ನಾವರದ ಅಳಿವೆಯಲ್ಲಿ ಹೂಳಿಗೆ ಸಿಕ್ಕಿ ದೋಣಿಗಳು ಮಗುಚಿದ ಸುದ್ದಿ ಆಗಾಗ ಬರುತ್ತದೆ. ಹೊರಗಿನ ಸಮುದ್ರದಲ್ಲಿ ಎಂಜಿನ್ ನಿಂತರೆ ಲಂಗರು ಹಾಕಿ ಇನ್ನೊಂದು ದೋಣಿಗೆ ಕಾಯಬಹುದು. ಅಳಿವೆಯ ಬಾಯಲ್ಲಿ ನಿಂತರೆ ಕಾಯಲು ಸಮಯವೇ ಇಲ್ಲ. ಎರಡನೇ ಎಂಜಿನ್ ನಿಜಕ್ಕೂ ಬೇಕಾಗುವುದು ಆ ಎರಡು ಮೂರು ನಿಮಿಷಕ್ಕೆ.

ಅಲ್ಲಿಯೇ ಜೋಡಿಯ ದೌರ್ಬಲ್ಯವೂ ಇದೆ. ಔಟ್‌ಬೋರ್ಡ್ ತಣ್ಣಗಿರುವುದು ಹೊರಗಿನ ನೀರನ್ನೇ ಎಳೆದುಕೊಂಡು. ಮರಳು ಕದಡಿದ ನೀರಿನಲ್ಲಿ ಎರಡೂ ಎಂಜಿನ್ ಮರಳನ್ನೇ ಕುಡಿಯುತ್ತವೆ. ಪಕ್ಕದಿಂದ ಚಿಮ್ಮುವ ನೀರಿನ ಎಳೆ ಸಣ್ಣಗಾದರೆ ಒಳಗೆ ಬಿಸಿ ಏರುತ್ತಿದೆ ಎಂದರ್ಥ. ತೇಲಿ ಬಂದ ಹರಿದ ಬಲೆಯ ತುಂಡು ಅಕ್ಕಪಕ್ಕದ ಎರಡೂ ಪ್ರೊಪೆಲ್ಲರ್‌ಗೆ ಒಟ್ಟಿಗೆ ಸುತ್ತಿಕೊಳ್ಳಬಹುದು. ಭಾರದ ಪ್ರಶ್ನೆಯೂ ಇದೆ. 9.9ರ ಎಂಜಿನ್ ಒಂದು 40 ಕೆ.ಜಿ. ಆಸುಪಾಸು ತೂಗುತ್ತದೆ, ಎರಡಕ್ಕೆ 80. 20ರ ಒಂಟಿ ಎಂಜಿನ್ 50 ಕೆ.ಜಿ. ಅಕ್ಕಪಕ್ಕ. ದೋಣಿಯ ಬಾಲದ ತುದಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಒಳಗೆ ಬರುವಾಗ ಅಲೆ ಹಿಂದಿನಿಂದ ಬರುತ್ತದೆ, ಬಾಲ ತಗ್ಗಿದ್ದರೆ ನೀರು ಹಲಗೆ ಹಾರಿ ಒಳಗೆ ಬೀಳುತ್ತದೆ.

ಜೋಡಿಯ ಪರವಾಗಿ ಹೇಳಬೇಕಾದ್ದನ್ನೂ ಹೇಳಿಬಿಡುತ್ತೇನೆ. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಓಡಿಸಿ ನಿಂತಲ್ಲೇ ದೋಣಿ ತಿರುಗಿಸಬಹುದು. ದೊಡ್ಡ ಬೋಟ್‌ಗಳಿಗೆ ಇದು ವರ. ಎಂಜಿನ್‌ಗಳ ನಡುವೆ ಒಂದೂವರೆ ಅಡಿಯೂ ಅಂತರವಿಲ್ಲದ ನಾಡದೋಣಿಯಲ್ಲಿ, ಎರಡು ಹಿಡಿಯನ್ನು ಒಬ್ಬನೇ ನೋಡಿಕೊಳ್ಳಬೇಕಾದಾಗ, ಆ ಲಾಭ ಅಷ್ಟಕ್ಕಷ್ಟೆ.

ಇಷ್ಟೆಲ್ಲ ಮಾತಾದ ಮೇಲೆ 20ರ ಒಂಟಿ ಎಂಜಿನ್ನೇ ಸರಿ ಎಂದು ನಾನು ಹೇಳುವುದರಲ್ಲಿದ್ದೆ. ಅಣ್ಣ ತಡೆದು ಮಳೆಗಾಲದ ವಿಷಯ ತೆಗೆದರು. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಹಾಕುವ ಕಾಲ. ಆಗ ಕಡಲಿಗೆ ಇಳಿಯಲು ಅವಕಾಶ ಇರುವುದು ಸಾಂಪ್ರದಾಯಿಕ ದೋಣಿಗಳಿಗೆ, ಎಂಜಿನ್ 10 ಅಶ್ವಶಕ್ತಿಯ ಒಳಗಿದ್ದರೆ ಮಾತ್ರ. ದೊಡ್ಡ ಬೋಟ್‌ಗಳು ಬಂದರಿನಲ್ಲಿ ಕಟ್ಟಿಕೊಂಡಿರುವ ಆ ಎರಡು ತಿಂಗಳು ನಾಡದೋಣಿಯ ಮೀನಿಗೆ ಒಳ್ಳೆಯ ಬೆಲೆ. ಕಡಲು ಶಾಂತವಾದ ದಿನ ಸಿಗಡಿಯೋ ಬಂಗುಡೆಯೋ ಸಿಕ್ಕರೆ ಮನೆಯ ವರ್ಷದ ಲೆಕ್ಕವೇ ಬದಲಾಗುತ್ತದೆ. 20ರ ಎಂಜಿನ್ ತಂದರೆ ಆ ಎರಡು ತಿಂಗಳು ದಡದಲ್ಲೇ ಕೂರಬೇಕು. 9.9ರ ಜೋಡಿ ತಂದರೆ ಒಟ್ಟು 19.8, ಒಂದನ್ನು ಬಿಚ್ಚಿ ಮನೆಯಲ್ಲಿಡಬೇಕಾದೀತು ಎಂಬುದು ಅಣ್ಣನ ಲೆಕ್ಕ. ಎಂದರೆ ಕಡಲು ಅತ್ಯಂತ ಒರಟಾಗಿರುವ ದಿನಗಳಲ್ಲೇ ಎರಡನೆಯದು ಜಗಲಿಯ ಮೇಲೆ! 9.9 ಎಂಬ ವಿಚಿತ್ರ ಸಂಖ್ಯೆಯ ಎಂಜಿನ್ ನಮ್ಮ ಕರಾವಳಿಯ ನಾಡದೋಣಿಗೆ ಎಷ್ಟು ಹೊಂದುತ್ತದೆ ಎಂದು ನನಗೆ ಅರ್ಥವಾದದ್ದು ಆಗ.

ಕೊನೆಗೆ ಮನೆಯವರು ಒಪ್ಪಿದ್ದು ಯಾರೂ ಮೊದಲು ಹೇಳದಿದ್ದ ಮೂರನೆಯ ದಾರಿಯನ್ನು. 9.9ರ ಒಂದು ಹೊಸ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ನಡುವೆ. ಪಕ್ಕದಲ್ಲಿ 5 ಅಶ್ವಶಕ್ತಿಯ ಒಂದು ಸೆಕೆಂಡ್ ಹ್ಯಾಂಡ್ ಎಂಜಿನ್, ಕಾಲು ಮೇಲೆತ್ತಿ ನೀರಿಗೆ ತಾಗದಂತೆ. ದಿನಾ ಓಡಿಸಲು ಅಲ್ಲ, ಹಾಗಾಗಿ ಅದು ಮರಳು ಕುಡಿಯುವುದಿಲ್ಲ, ಬಲೆ ಸುತ್ತಿಕೊಳ್ಳುವುದಿಲ್ಲ. ಅದರ ಪೆಟ್ರೋಲ್ ಬೇರೆಯದೇ ಸಣ್ಣ ಕ್ಯಾನ್‌ನಲ್ಲಿ, ಬೇರೆ ದಿನ ತುಂಬಿಸಿದ್ದು, ನಡುವೆ ನೀರು ಬೇರ್ಪಡಿಸುವ ಫಿಲ್ಟರ್. ಬ್ಯಾಟರಿಯ ಹಂಗಿಲ್ಲ, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ವೇಗದ ಹಳೆಯ ಲೆಕ್ಕದ ಪ್ರಕಾರ ಶಾಂತ ನೀರಿನಲ್ಲಿ ಅದೊಂದೇ ದೋಣಿಯನ್ನು ಮುಕ್ಕಾಲು ವೇಗಕ್ಕಾದರೂ ತಳ್ಳಬೇಕು. ಮಳೆಗಾಲದ ಎರಡು ತಿಂಗಳಿಗೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ, ಅವರು ಹೇಳಿದಂತೆ ನಡೆಯುವುದು ಎಂದಾಯಿತು. ಹಣದ ಲೆಕ್ಕದಲ್ಲೂ ಹೊಸ ಜೋಡಿಗಿಂತ ಇದು ಹಗುರ. ಅಪ್ಪಯ್ಯ ‘ಒಂದೇ’ ಎಂದುಕೊಂಡರು, ಅಮ್ಮ ‘ಎರಡು’ ಎಂದುಕೊಂಡರು.

ಅಮ್ಮ ಒಂದು ಷರತ್ತು ಸೇರಿಸಿದರು: ನಾಲ್ವರಿಗೂ ಲೈಫ್ ಜಾಕೆಟ್, ದೋಣಿಯ ಮೂಲೆಯಲ್ಲಿ ತುರುಕಿಟ್ಟದ್ದಲ್ಲ, ಮೈಮೇಲೆ. ಕಾರವಾರದ ಕೂರ್ಮಗಡ ಜಾತ್ರೆಯಿಂದ ಹಿಂತಿರುಗುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಜನ ತೀರಿಕೊಂಡದ್ದು ಕರಾವಳಿಯ ಯಾವ ತಾಯಿಯೂ ಮರೆತಿಲ್ಲ. ಅಂದು ಮಿತಿಗಿಂತ ಹೆಚ್ಚು ಜನ ದೋಣಿ ಹತ್ತಿದ್ದರು. ಎಂಜಿನ್ ಒಂದೋ ಎರಡೋ ಎಂಬ ನಮ್ಮ ಇಡೀ ಚರ್ಚೆಗೆ ಅಲ್ಲಿ ಕೆಲಸವೇ ಇರಲಿಲ್ಲ. ಅಣ್ಣ ಸೆಖೆ ಎಂದು ಗೊಣಗಿದರು, ಬಲೆ ಎಳೆಯುವಾಗ ಅಡ್ಡ ಬರುತ್ತದೆ ಎಂದರು. ಅಳಿವೆ ದಾಟುವಾಗಲಾದರೂ ಹಾಕುತ್ತೇನೆ ಎಂಬಲ್ಲಿಗೆ ರಾಜಿಯಾಗಿದೆ. ನನಗೆ ಈ ರಾಜಿ ಒಪ್ಪಿಗೆಯಿಲ್ಲ, ಆದರೆ ಅವರ ಜಗಲಿಯಲ್ಲಿ ಕೂತು ಅವರ ಮನೆಯ ಮೀನು ಸಾರು ಉಂಡವನು ಅಷ್ಟು ಜೋರಾಗಿ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಪತ್ರಿಕೆ ಅವರ ಮನೆಗೂ ಬರುತ್ತದೆ.

ಇನ್ನು ಉಳಿದಿರುವುದು ಒಂದು ಪರೀಕ್ಷೆ. ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ಬಿಟ್ಟ ದಿನ, ಅಳಿವೆಗಿಂತ ಒಳಗೆ ಹೊಳೆಯಲ್ಲೇ, ನಾಲ್ಕು ಜನ ಮತ್ತು ಪೂರ್ತಿ ಬಲೆ ಹೇರಿಕೊಂಡು, ಇಳಿತದ ನೀರಿಗೆ ಎದುರಾಗಿ ದೊಡ್ಡ ಎಂಜಿನ್ ನಿಲ್ಲಿಸುವುದು. ಸಣ್ಣದನ್ನು ನೀರಿಗಿಳಿಸಿ, ಹಗ್ಗ ಎಳೆದು, ದೋಣಿ ಮತ್ತೆ ಮುಂದೆ ಸರಿಯುವವರೆಗೆ ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಗೆಳೆಯ ಮೊಬೈಲ್‌ನಲ್ಲಿ ಎಣಿಸುತ್ತಾನೆ. ಹಗ್ಗ ಎಳೆಯುವುದು ಅಣ್ಣನಲ್ಲ, ದೋಣಿಯ ಎಲ್ಲರಿಗಿಂತ ಕಿರಿಯ ಹುಡುಗ. ಒಂದು ನಿಮಿಷ ದಾಟಿದರೆ ಆ ಸೆಕೆಂಡ್ ಹ್ಯಾಂಡ್ ಎಂಜಿನ್ ವಾಪಸ್ ಹೋಗುತ್ತದೆ. ಕೊಟ್ಟವರ ಬಳಿ ಹಾಗೆಂದು ಮೊದಲೇ ಮಾತಾಡಿದ್ದಾರೆ.